ಮಾರ್ಕಾ ಹಾಕುವವರ ಮನೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಟ್ರಂಕ್ ಇದೆ. ಅದರ ತುಂಬ ಅಪ್ಪ ಕತ್ತರಿಸಿದ ಜಸ್ತದ ತಗಡುಗಳು. ಒಂದೊಂದರಲ್ಲಿ ಒಂದು ಅಕ್ಷರ, ಇಲ್ಲವೇ ಒಂದು ಅಂಕಿ. ಕೆಲವುಗಳಲ್ಲಿ ಇಡೀ ಹೆಸರು. ಅಂಚಿಗೆಲ್ಲ ಮಸಿ ಮೆತ್ತಿಕೊಂಡು ಕಲ್ಲಾಗಿದೆ. ಮೂಗಿನ ಹತ್ತಿರ ಹಿಡಿದರೆ ಅಗಸೆ ಎಣ್ಣೆಯ ವಾಸನೆ ಇನ್ನೂ ಬರುತ್ತದೆ. ಯಾದಗಿರಿಯ ಒಂದು ಹತ್ತಿ ಪ್ರೆಸ್ಸಿನಲ್ಲಿ ಅಪ್ಪ ಬೇಲುಗಳಿಗೆ ಮಾರ್ಕಾ ಹಾಕುತ್ತಿದ್ದ. ಗಂಜಿನ ಪೇಟೆಯಲ್ಲಿ ನಮ್ಮ ಅಡ್ಡಹೆಸರು ಯಾರಿಗೂ ಗೊತ್ತಿರಲಿಲ್ಲ. ‘ಮಾರ್ಕಾ ಹಾಕವ್ರ ಮನಿ’ ಅಂದರೆ ಸಾಕಿತ್ತು.

ನಾನು ಹುಟ್ಟಿದ್ದು ಶಹಾಪುರದಲ್ಲಿ, ಅಪ್ಪನ ಊರಿನಲ್ಲಿ. ಅವ್ವನ ತವರು ಸುರಪುರದ ಕಡೆ. ಬದುಕು ಕಟ್ಟಿಕೊಂಡದ್ದು ಯಾದಗಿರಿಯಲ್ಲಿ, ಮೊದಲು ಅಪ್ಪನ ಹಿಂದೆ, ಆಮೇಲೆ ನನ್ನದೇ ಅಚ್ಚಿನ ಅಂಗಡಿ ಇಟ್ಟುಕೊಂಡು. ಈ ಮೂರು ಊರುಗಳಲ್ಲಿ ಒಂದು ವಸ್ತುವಿನ ಮೇಲೆ ಗುರುತು ಹಾಕುವ ಕಸುಬು ಹೇಗೆ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಬರೆದಿಡಬೇಕು ಎಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಈಗ ಗುರುತು ಹಾಕುವ ಯಂತ್ರ ಕಾಗದದ ಮೇಲೆ ಅಚ್ಚೂ ಒತ್ತುತ್ತದೆ, ಕಾಗದದ ಹೊಟ್ಟೆಯಲ್ಲಿರುವ ಚಿಪ್ಪಿನೊಳಗೆ ಕಣ್ಣಿಗೆ ಕಾಣದ ಸಂಖ್ಯೆಯನ್ನೂ ಬರೆಯುತ್ತದೆ. ಅದನ್ನು ನೋಡಿ ಬಂದ ಮೇಲೆ ಇನ್ನು ತಡ ಮಾಡಬಾರದು ಅನ್ನಿಸಿತು.

ಹತ್ತಿಯಿಂದಲೇ ಶುರು ಮಾಡುತ್ತೇನೆ. ಮುಂಬೈ ಕಡೆಯಿಂದ ಬಂದ ರೈಲು ಹಳಿ ವಾಡಿ, ಯಾದಗಿರಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿ, ಮದ್ರಾಸಿನ ಹಳಿಗೆ ಕೂಡಿಕೊಂಡಿತು. ಆ ಹಳಿ ಯಾದಗಿರಿಯ ಹಣೆಬರಹವನ್ನೇ ಬದಲಿಸಿತು. ಶಹಾಪುರ, ಸುರಪುರದ ಎರೆಭೂಮಿಯ ಹತ್ತಿ ಎತ್ತಿನ ಗಾಡಿಯಲ್ಲಿ ಭೀಮಾ ನದಿ ದಾಟಿ ಯಾದಗಿರಿ ಸ್ಟೇಷನ್ನಿಗೆ ಬರಬೇಕಾಯಿತು. ಸ್ಟೇಷನ್ ಇದ್ದಲ್ಲಿ ಗಂಜ್ ಬೆಳೆಯಿತು, ಅಡತಿ ಅಂಗಡಿಗಳು ಬಂದವು, ಜಿನ್ನುಗಳು ಬಂದವು. ಜಿನ್ನಿನಲ್ಲಿ ಹತ್ತಿಕಾಳು ಬೇರೆಯಾಗಿ ಅರಳೆ ಹೊರಗೆ ಬರುತ್ತದೆ. ಪ್ರೆಸ್ಸಿನಲ್ಲಿ ಆ ಅರಳೆಯನ್ನು ಹಿಂಡಿ, ಕಬ್ಬಿಣದ ಪಟ್ಟಿ ಬಿಗಿದು ಬೇಲು ಮಾಡುತ್ತಾರೆ. ಹಳೆಯ ಲೆಕ್ಕದಲ್ಲಿ ಒಂದು ಬೇಲಿಗೆ 392 ಪೌಂಡು, ಈಗಿನ ಲೆಕ್ಕದಲ್ಲಿ 170 ಕಿಲೊ.

ಒಮ್ಮೆ ಪಟ್ಟಿ ಬಿಗಿದ ಮೇಲೆ ಒಂದು ಬೇಲಿಗೂ ಇನ್ನೊಂದಕ್ಕೂ ಹೊರಗಿನಿಂದ ವ್ಯತ್ಯಾಸವೇ ತಿಳಿಯದು. ಒಳಗೆ ಒಳ್ಳೆಯ ಅರಳೆ ಇದೆಯೋ, ಕೌಡಿ ಎಂಬ ಕೆಟ್ಟ ಹತ್ತಿ ಸೇರಿಸಿದ್ದಾರೋ, ತೂಕ ಬರಲೆಂದು ನೀರು ಚಿಮುಕಿಸಿದ್ದಾರೋ, ಮುಂಬೈಯಲ್ಲಿ ಬಿಚ್ಚಿದಾಗಲೇ ಗೊತ್ತಾಗುತ್ತಿತ್ತು. ಬಿಚ್ಚಿದವನಿಗೆ ಇದು ಯಾವ ಊರಿನ ಯಾವ ಪ್ರೆಸ್ಸಿನದು ಎಂದು ತಿಳಿಯಬೇಕಲ್ಲ? ಬ್ರಿಟಿಷ್ ಸರ್ಕಾರ 1921ರಲ್ಲಿ ಹತ್ತಿಗಾಗಿಯೇ ಒಂದು ಕೇಂದ್ರ ಸಮಿತಿ ಮಾಡಿತು. 1925ರಲ್ಲಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾನೂನು ಬಂತು. ಪ್ರತಿ ಪ್ರೆಸ್ಸಿಗೂ ಒಂದು ಗೊತ್ತಾದ ಮಾರ್ಕಾ, ಪ್ರತಿ ಬೇಲಿಗೂ ಒಂದು ಕ್ರಮಸಂಖ್ಯೆ, ಅದೂ ಬೇಲು ಪ್ರೆಸ್‌ಮನೆಯಿಂದ ಹೊರಬೀಳುವ ಮೊದಲೇ ಬೀಳಬೇಕು ಎಂದು ಆ ಕಾನೂನು ಹೇಳಿತು. ನಮ್ಮದು ನಿಜಾಮರ ಸೀಮೆ, ಬ್ರಿಟಿಷರ ಕಾನೂನು ಇಲ್ಲಿಗೆ ನೇರವಾಗಿ ನಡೆಯುತ್ತಿರಲಿಲ್ಲ. ಆದರೆ ಬೇಲು ಇಳಿಯುವುದು ಮುಂಬೈಯಲ್ಲಿ. ಕೊಳ್ಳುವವನು ಮಾರ್ಕಾ ಕೇಳಿದರೆ ಹಾಕಲೇಬೇಕು. ಅಪ್ಪನ ಅನ್ನ ಹುಟ್ಟಿದ್ದು ಹೀಗೆ.

ಅಪ್ಪನ ಕೆಲಸವನ್ನು ನಾನು ನೋಡಿದ್ದು ಅರವತ್ತರ ದಶಕದ ಕೊನೆಗೆ. ಎಡಗೈಯಲ್ಲಿ ತಗಡು, ಬಲಗೈಯಲ್ಲಿ ಬಟ್ಟೆ ಸುತ್ತಿದ ಗಟ್ಟಿ ಕುಂಚ. ದೀಪದ ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಕಲಸಿದ ಮಸಿ. ಹೆಚ್ಚು ಎಣ್ಣೆಯಾದರೆ ಗೋಣಿತಟ್ಟಿನ ಮೇಲೆ ಹರಡಿ 3 ಎಂಬುದು 8 ಆಗುತ್ತದೆ. ಕಡಿಮೆಯಾದರೆ ವ್ಯಾಗನ್ನಿನಲ್ಲಿ ಉಜ್ಜಿ ಉದುರಿ ಹೋಗುತ್ತದೆ. ಪ್ರೆಸ್ಸಿನ ಮಾರ್ಕಾ, ಲಾಟ್ ಸಂಖ್ಯೆ, ಬೇಲಿನ ಸಂಖ್ಯೆ, ತೂಕ, ಹಂಗಾಮಿನ ವರ್ಷ ಇಷ್ಟು ಬೀಳಬೇಕು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ತಳಿ ಬಂದ ಮೇಲೆ ತಳಿಯ ಹೆಸರನ್ನೂ ಹಾಕಿಸಿಕೊಳ್ಳುವ ವ್ಯಾಪಾರಿಗಳಿದ್ದರು. ಒಂದು ಬೇಲಿಗೆ ಅಪ್ಪನ ಕೈ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ನಾನು ಎಣಿಸಿ ನೋಡಿದ್ದೇನೆ. ನೂರು ಎಣಿಸುವುದರೊಳಗೆ ಮುಂದಿನ ಬೇಲಿಗೆ ಹೋಗಿರುತ್ತಿದ್ದ.

ಆ ತಗಡುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಗಳು. ಅದಕ್ಕೆ ಮುಂಬೈಯೊಂದೇ ಕಾರಣವಲ್ಲ, ಕನ್ನಡದ ಅಕ್ಷರದ ಮೈಕಟ್ಟೂ ಕಾರಣ. ತಗಡಿನಲ್ಲಿ ಅಕ್ಷರ ಕೊರೆದರೆ ಸುತ್ತು ಮುಚ್ಚಿದ ಅಕ್ಷರದ ಹೊಟ್ಟೆ ಕಳಚಿ ಕೆಳಗೆ ಬೀಳುತ್ತದೆ. ಅದು ಬೀಳದಂತೆ ಸಣ್ಣ ಸಣ್ಣ ಕಟ್ಟು ಬಿಡಬೇಕು. ಇಂಗ್ಲಿಷಿನ ಎಲ್, ಟಿ, ಎನ್‌ಗಳಿಗೆ ಆ ಗೋಜಿಲ್ಲ. ಕನ್ನಡದಲ್ಲಿ ರ ಅಂದರೆ ಬಳೆ. ಠ ಅಂದರೆ ಬಳೆಯ ನಡುವೆ ಇನ್ನೊಂದು ಚುಕ್ಕೆ. ಅದರ ಮೇಲೆ ಗುಡಿಸು, ಕೊಂಬು, ಕೆಳಗೆ ಒತ್ತು. ಕಟ್ಟು ದಪ್ಪವಾದರೆ ಅಕ್ಷರ ಒಡೆದು ಕಾಣುತ್ತದೆ, ತೆಳುವಾದರೆ ನಾಲ್ಕು ದಿನಕ್ಕೆ ಮುರಿಯುತ್ತದೆ.

1956ರ ನವೆಂಬರ್ 1ರಂದು ನಮ್ಮ ಸೀಮೆ ಕನ್ನಡ ನಾಡಿಗೆ ಸೇರಿತು. ಅದರ ಮುಂದಿನ ಹತ್ತಿ ಹಂಗಾಮಿಗೆ ಅಪ್ಪ ಯಾರೂ ಹೇಳದೆ ‘ಯಾದಗಿರಿ’ ಎಂದು ಕನ್ನಡದಲ್ಲಿ ತಗಡು ಕತ್ತರಿಸಿದ ಎಂದು ಅವ್ವ ಹೇಳುತ್ತಿದ್ದಳು. ಮೂರು ತಗಡು ಕೆಟ್ಟು ನಾಲ್ಕನೆಯದು ಕೂಡಿಬಂತಂತೆ. ಮಾಲೀಕರು ಬೇಲಿನ ಒಂದು ಮಗ್ಗುಲಿಗೆ ಹಾಕಿಕೋ ಎಂದರಂತೆ. ಟ್ರಂಕಿನಲ್ಲಿ ಆ ತಗಡು ಈಗಲೂ ಇದೆ. ಕೊನೆಯ ‘ರಿ’ಯ ಒಂದು ಕಟ್ಟು ಮುರಿದಿದೆ, ಅಪ್ಪ ಬೆಸುಗೆ ಹಾಕಿಸಿದ್ದಾನೆ. ಬಾಡಿಗೆ ಗಾಡಿ ಹೊಡೆಯುವ ಮುದುಕನೊಬ್ಬ ಆ ಬೇಲನ್ನು ಸವರಿ, “ಇದು ನಮ್ಮ ಅಕ್ಷರ ಏನ್ರೀ?” ಎಂದು ಕೇಳಿದ್ದನ್ನು ಅಪ್ಪ ಸಾಯುವ ತನಕ ನೆನೆಯುತ್ತಿದ್ದ. ಆತನಿಗೆ ಓದು ಬರುತ್ತಿರಲಿಲ್ಲ. ಆದರೂ ಗುರುತು ಸಿಕ್ಕಿತ್ತು.

ಆ ಮುದುಕನ ಪ್ರಶ್ನೆಯ ಭಾರ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಕಾಲ ಹೇಳಬೇಕು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ಅಜ್ಜ ಕಂದಾಯ ಕಟ್ಟಿದ ರಸೀದಿಗಳನ್ನು ಬಿದಿರಿನ ಕೊಳವೆಯಲ್ಲಿ ಸುತ್ತಿ ತೊಲೆಗೆ ಸಿಕ್ಕಿಸಿಟ್ಟಿದ್ದ. ಅದರಲ್ಲಿ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ಶಹಾಪುರದ ಒಬ್ಬ ಮೌಲ್ವಿ ಸಾಹೇಬರ ಹತ್ತಿರ ಹೋಗಿ ಓದಿಸಿಕೊಂಡು ಬರುತ್ತಿದ್ದ. ಅವರು ಒಳ್ಳೆಯವರು, ಬಿಡಿಗಾಸು ಮುಟ್ಟದೆ ಓದಿ ಹೇಳುತ್ತಿದ್ದರು. ಓದುವವನು ಒಳ್ಳೆಯವನಲ್ಲದ ಊರುಗಳಲ್ಲಿ ಹೊಲಗಳೇ ಕೈತಪ್ಪಿದ ಕಥೆಗಳು ಅಜ್ಜನ ಬಾಯಲ್ಲಿ ಬೇಕಾದಷ್ಟಿದ್ದವು. ಇವತ್ತಿಗೂ ನಮ್ಮ ಕಡೆ ಹಳೆಯ ಜಮೀನಿನ ತಂಟೆ ಎದ್ದರೆ 1954-55ರ ಖಾಸ್ರಾ ಪಹಣಿ ತೆಗೆಸಿ, ಉರ್ದು ಬಲ್ಲವರನ್ನು ಹುಡುಕಿಕೊಂಡು ಹೋಗುತ್ತೇವೆ. ತನ್ನದರ ಗುರುತನ್ನು ತಾನು ಓದಲಾರದವನು ಯಾವಾಗಲೂ ಇನ್ನೊಬ್ಬರ ಬಾಯಿ ನೋಡುತ್ತ ನಿಲ್ಲಬೇಕು. ಅಜ್ಜ ನಿಂತ.

ಸುರಪುರದ ಸೋದರಮಾವ ಹಾಗೆ ನಿಲ್ಲಲಿಲ್ಲ. ಅವನದು ಕುರಿಯ ಬದುಕು, ಗುರುತು ಅವನ ಕೈಯಲ್ಲೇ ಇತ್ತು. ಸುಗ್ಗಿ ಮುಗಿದ ಮೇಲೆ ಕುರಿಗಾರರು ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಇಳಿಯುತ್ತಾರೆ. ಹೊಲದಲ್ಲಿ ರಾತ್ರಿ ಕುರಿ ತರುಬಿಸಿ ಗೊಬ್ಬರ ಬಿಡಿಸಿಕೊಂಡ ರೈತ ಜೋಳ ಕೊಡುತ್ತಾನೆ. ಒಂದೇ ದಂಡೆಗೆ ನಾಲ್ಕೈದು ಹಿಂಡು ಇಳಿದಾಗ ಕುರಿ ಬೆರೆಯುವುದು ಸಹಜ. ಆಗ ಕಿವಿ ನೋಡುತ್ತಾರೆ. ಮಾವನ ಮನೆತನದ ಗುರುತು ಬಲಗಿವಿಯ ತುದಿಗೆ ಒಂದು ಸೀಳು, ಎಡಗಿವಿಯ ಅಂಚಿಗೆ ಅರೆಚಂದ್ರದಂಥ ಕಚ್ಚು. ಆಚೆ ಹಟ್ಟಿಯವರದು ಎರಡೂ ಕಿವಿಗೆ ಸೀಳು. ಅಣ್ಣತಮ್ಮಂದಿರು ಪಾಲಾದಾಗ ಹಿರಿಯನಿಗೆ ಹಳೆಯ ಗುರುತು ಉಳಿಯುತ್ತದೆ, ಕಿರಿಯ ಇನ್ನೊಂದು ಕಚ್ಚು ಸೇರಿಸಿಕೊಳ್ಳಬೇಕು. ಎಲ್ಲಿಯೂ ಬರೆದಿಟ್ಟಿದ್ದಲ್ಲ, ಆದರೆ ಸುತ್ತಲಿನ ಪ್ರತಿ ಕುರಿಗಾರನಿಗೂ ಬಾಯಿಪಾಠ. ಹಾಲುಮರಿಯ ಕಿವಿ ಕತ್ತರಿಸುವಾಗ ಮಾವ ಬೂದಿ ಒತ್ತುತ್ತಿದ್ದ. ಕತ್ತಲಲ್ಲಿ ಕಿವಿಯನ್ನು ಬೆರಳಲ್ಲಿ ಸವರಿಯೇ “ಇದು ನಮ್ದಲ್ಲ, ಅತ್ಲಾಗ ಬಿಡು” ಎನ್ನುತ್ತಿದ್ದ. ಕಣ್ಣೂ ಬೇಡದ ಓದು ಅದು. ನಾನು ಕಂಡ ಗುರುತುಗಳಲ್ಲೆಲ್ಲ ಅದಕ್ಕಿಂತ ಗಟ್ಟಿಯಾದದ್ದನ್ನು ಕಂಡಿಲ್ಲ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಕಾಲುವೆ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಮೇಯುವ ಬೀಳುಗಳು ಗದ್ದೆಯಾದವು, ಮಾವನ ಹಿಂಡು ಕರಗಿತು, ಗಂಜಿನ ವ್ಯವಹಾರ ಬೆಳೆಯಿತು. ಅದರ ಹಿಂದಿನ ವರ್ಷವಷ್ಟೇ ನಾನು ಸಾಲ ಮಾಡಿ ಒಂದು ಹಳೆಯ ಟ್ರೆಡಲ್ ಯಂತ್ರ ತಂದು ಯಾದಗಿರಿಯಲ್ಲಿ ಅಚ್ಚಿನ ಪ್ರೆಸ್ ಹಾಕಿದ್ದೆ. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ ಇದ್ದವು. ಅನ್ನ ಕೊಟ್ಟದ್ದು ಮಾತ್ರ ಅಡತಿ ಅಂಗಡಿಗಳ ಪಟ್ಟಿ ಪುಸ್ತಕ, ತೂಕದ ಚೀಟಿ, ರಸೀದಿ.

ಇಲ್ಲಿ ನಂಬರಿಂಗ್ ಮಶಿನ್ನಿನ ಮಾತು ಹೇಳದೆ ಮುಂದೆ ಹೋಗಲಾರೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಕ್ಕಿನ ಡಬ್ಬಿ. ಅದರೊಳಗೆ 0ಯಿಂದ 9ರವರೆಗೆ ಅಂಕಿ ಕೆತ್ತಿದ ಐದು ಚಕ್ರ. ಅಕ್ಷರಗಳ ಜೊತೆಗೆ ಅದನ್ನೂ ಚೇಸ್ ಎಂಬ ಚೌಕಟ್ಟಿನಲ್ಲಿ ಬಿಗಿಯುತ್ತೇವೆ. ಪ್ರತಿ ಸಲ ಯಂತ್ರ ಕಾಗದಕ್ಕೆ ಒತ್ತಿದಾಗ ಮುಂದಿನ ಗುಬುಟು ಒಳಗೆ ಹೋಗಿ ಚಕ್ರ ಒಂದು ಹಲ್ಲು ತಿರುಗುತ್ತದೆ. 00341 ಆದ ಮೇಲೆ 00342. ಮನುಷ್ಯ ಎಣಿಸಬೇಕಾಗಿಲ್ಲ. ಮಸಿ ಒಣಗಿ ಚಕ್ರ ಸಿಕ್ಕಿಕೊಂಡರೆ ಮಾತ್ರ ಕೇಡು. 1987ರ ಹತ್ತಿ ಹಂಗಾಮಿನಲ್ಲಿ ಹಾಗೇ ಆಯಿತು. ಒಂದು ಅಂಗಡಿಯ ರಸೀದಿ ಪುಸ್ತಕದಲ್ಲಿ ಮೂವತ್ತು ಹಾಳೆಗೆ ಒಂದೇ ಸಂಖ್ಯೆ ಬಿತ್ತು, ನಾನು ನೋಡಲಿಲ್ಲ. ಇಬ್ಬರು ರೈತರ ಕೈಯಲ್ಲಿ ಒಂದೇ ಸಂಖ್ಯೆಯ ರಸೀದಿ. ಒಬ್ಬನ ಹಣ ಇನ್ನೊಬ್ಬನ ಹೆಸರಿಗೆ ಜಮಾ ಆಗಿ, ಬಗೆಹರಿಯಲು ದೀಪಾವಳಿಯಿಂದ ಸಂಕ್ರಾಂತಿ ಹಿಡಿಯಿತು. ಇಬ್ಬರ ಮನೆಗೂ ಹೋಗಿ ಕೈಮುಗಿದು ಬಂದೆ. ಅದರಾಚೆಗೆ ಪ್ರತಿ ಇಪ್ಪತ್ತೈದು ಹಾಳೆಗೆ ಯಂತ್ರ ನಿಲ್ಲಿಸಿ ಸಂಖ್ಯೆ ನೋಡದೆ ನಾನು ಒಂದು ಪುಸ್ತಕವನ್ನೂ ಹೊಲಿಸಿಲ್ಲ.

ಇನ್ನು ಮೊದಲು ಹೇಳಿದ ಚಿಪ್ಪಿನೊಳಗೆ ಸಂಖ್ಯೆ ಬರೆಯುವ ರೇಡಿಯೊದ ಕಥೆ. ನಿಜಾಮರ ರಾಜ್ಯ ಮುಗಿದದ್ದು 1948ರ ಸೆಪ್ಟೆಂಬರ್ 17ರಂದು. ಮರುತಿಂಗಳೇ, ಅಕ್ಟೋಬರಿನಲ್ಲಿ, ಅಮೆರಿಕದ ಒಂದು ಎಂಜಿನಿಯರುಗಳ ಪತ್ರಿಕೆಯಲ್ಲಿ ಹ್ಯಾರಿ ಸ್ಟಾಕ್‌ಮನ್ ಎಂಬಾತನ ಲೇಖನ ಬಂತು. ತನ್ನೊಳಗೆ ಬ್ಯಾಟರಿ ಇಲ್ಲದ ವಸ್ತುವೂ ತನ್ನ ಮೇಲೆ ಬಿದ್ದ ರೇಡಿಯೊ ಅಲೆಯನ್ನು ತಿರುಗಿ ಹೊಡೆದೇ ಸುದ್ದಿ ಹೇಳಬಲ್ಲದು ಎಂಬುದು ಅದರ ತಿರುಳು. ಕನ್ನಡಿಯನ್ನು ಬಿಸಿಲಿಗೆ ಹಿಡಿದು ದೂರದವನಿಗೆ ಸನ್ನೆ ಮಾಡುವ ಹುಡುಗರ ಆಟ ನೆನೆಸಿಕೊಂಡರೆ ವಿಷಯ ತಿಳಿಯುತ್ತದೆ. ಅದು ಕೈಗೆ ಬರಲು ಕಾಲ ಹಿಡಿಯಿತು. 1973ರಲ್ಲಿ ಮಾರಿಯೊ ಕಾರ್ಡುಲೊ ನೆನಪುಳ್ಳ ಟ್ಯಾಗಿಗೆ ಪೇಟೆಂಟ್ ಪಡೆದರು. ರೇಡಿಯೊ ಅಲೆಯಿಂದ ಗುರುತು ಹಿಡಿಯುವ ಈ ವಿದ್ಯೆಯ ಆರ್‌ಎಫ್‌ಐಡಿ ಎಂಬ ಹೆಸರು ಪೇಟೆಂಟ್ ಕಾಗದದಲ್ಲಿ ಕಾಣಿಸಿದ್ದು 1983ರಲ್ಲಿ, ಚಾರ್ಲ್ಸ್ ವಾಲ್ಟನ್ ಅವರದರಲ್ಲಿ. ನಮ್ಮ ದೇಶ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಅಲೆಗಳನ್ನು ಇಂಥ ಕೆಲಸಕ್ಕೆ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿತು. ಊರಿನವರಿಗೆಲ್ಲ ಇದು ಮುಟ್ಟಿದ್ದು 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಾಗ. ಹತ್ತಿ ಹೊತ್ತ ಲಾರಿಯ ಗಾಜಿಗೆ ಅಂಟಿದ ಆ ಚೀಟಿಯೊಳಗೆ ಇರುವುದು ಅದೇ.

ಅಂಥ ಚೀಟಿ ತಯಾರಾಗುವುದನ್ನು ನಾನು ಕಂಡದ್ದು ಹೈದರಾಬಾದಿನಲ್ಲಿ, ಅಕ್ಕನ ಮಗನ ಲೇಬಲ್ ಕೆಲಸದ ಮನೆಯಲ್ಲಿ. “ಮಾವಾ, ನಿಮ್ಮ ಟ್ರೆಡಲ್ಲಿನ ಮೊಮ್ಮಗ ನೋಡ್ ಬರ್ರಿ” ಎಂದು ಕರೆದಿದ್ದ. ಮೇಜಿನ ಮೇಲೆ ಹೊಲಿಗೆ ಯಂತ್ರದಷ್ಟು ದೊಡ್ಡ ಪೆಟ್ಟಿಗೆ. ಒಂದು ಕಡೆ ಲೇಬಲ್ಲಿನ ಸುರುಳಿ, ಇನ್ನೊಂದು ಕಡೆ ಮೇಣದ ಮಸಿ ಹಚ್ಚಿದ ರಿಬ್ಬನ್ನು. ಲೇಬಲ್ಲಿನ ಮೇಲ್ಕಾಗದಕ್ಕೂ ಅಂಟಿಗೂ ನಡುವೆ ಅಲ್ಯುಮಿನಿಯಮ್ಮಿನ ತೆಳು ಗೆರೆಗಳ ಆಂಟೆನಾ ಕೂತಿದೆ. ಅದರ ನಡುವೆ ಸಾಸಿವೆಗಿಂತ ಸಣ್ಣ ಚಿಪ್ಪು. ಬೆಳಕಿಗೆ ಹಿಡಿದರೆ ರಂಗೋಲಿಯಂತೆ ಕಾಣುತ್ತದೆ.

ಯಂತ್ರದ ಒಳಗೂ ಒಂದು ಪುಟ್ಟ ಆಂಟೆನಾ ಇದೆ. ಲೇಬಲ್ ಅದರ ಮೇಲೆ ಬಂದಾಗ ಅಲೆ ಕಳಿಸಿ ಚಿಪ್ಪನ್ನು ಎಬ್ಬಿಸುತ್ತದೆ, ಸಂಖ್ಯೆ ಬರೆಯುತ್ತದೆ. ಬರೆದದ್ದನ್ನು ತಾನೇ ಓದಿ ತಾಳೆ ನೋಡಿ, ಆಮೇಲೆ ಬಿಸಿ ತಲೆಯ ಕೆಳಗೆ ಕಾಗದದ ಮೇಲೆ ಅಚ್ಚು ಒತ್ತುತ್ತದೆ. ಬಿಸಿ ತಲೆಯ ಒತ್ತಡ ಚಿಪ್ಪಿನ ಉಬ್ಬಿನ ಮೇಲೆ ಬಿದ್ದರೆ ಚಿಪ್ಪು ಸಾಯಬಹುದು, ಅಚ್ಚೂ ಮಾಸುತ್ತದೆ. ಅದಕ್ಕೆ ಆ ಜಾಗ ತಪ್ಪಿಸಿ ಅಕ್ಷರ ಕೂರಿಸಬೇಕು. ನನ್ನ ಮನಸ್ಸು ತುಂಬಿದ್ದು ಇನ್ನೊಂದು ವಿಷಯಕ್ಕೆ. ಚಿಪ್ಪು ಸತ್ತಿದ್ದರೆ, ಇಲ್ಲವೇ ಬರೆದದ್ದು ಸರಿಯಾಗಿ ಕೂರದಿದ್ದರೆ, ಯಂತ್ರ ಆ ಲೇಬಲ್ಲಿನ ಮೇಲೆ ‘ವಾಯ್ಡ್’ ಎಂದು ದೊಡ್ಡದಾಗಿ ಒತ್ತಿ ಹೊರಗೆ ಹಾಕಿ, ಅದೇ ಸಂಖ್ಯೆಯನ್ನು ಮುಂದಿನ ಲೇಬಲ್ಲಿಗೆ ಬರೆಯುತ್ತದೆ. ಆ ಮೂವತ್ತು ರಸೀದಿಗಳು ಕಣ್ಣ ಮುಂದೆ ಬಂದವು. ಇದು ನನ್ನ ಹತ್ತಿರ ಆಗ ಇದ್ದಿದ್ದರೆ ಇಬ್ಬರು ರೈತರ ಹಂಗಾಮು ಕೆಡುತ್ತಿರಲಿಲ್ಲ. ನಮ್ಮ ಕಸುಬಿಗೆ ಬಂದ ಒಳ್ಳೆಯ ಉಪಕರಣ ಇದು ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಅದಕ್ಕೂ ದೌರ್ಬಲ್ಯ ಇದೆ. ಈ ಅಲೆಗೆ ಕಬ್ಬಿಣವೂ ನೀರೂ ಆಗದು. ಹತ್ತಿಯ ಬೇಲಿನಲ್ಲಿ ಎರಡೂ ಇವೆ: ಮೇಲೆ ಪಟ್ಟಿ, ಒಳಗೆ ತೇವ. ಟ್ಯಾಗನ್ನು ಪಟ್ಟಿಯ ಮೇಲೆ ಅಂಟಿಸಿದರೆ ಅದು ಮೂಕ. ಪಟ್ಟಿಯಿಂದ ದೂರ, ಬಟ್ಟೆಯ ಮೇಲೆ ಅಂಟಿಸಬೇಕು. ಮಾರ್ಕಾ ಪಟ್ಟಿಗಳ ನಡುವಿನ ಬಯಲಿನಲ್ಲಿ ಬೀಳಬೇಕು ಎಂದು ಅಪ್ಪ ಹೊಸ ಹುಡುಗರಿಗೆ ಹೇಳುತ್ತಿದ್ದ. ಅವನ ಕಾರಣ ಬೇರೆ, ಜಾಗ ಅದೇ. ಈಗ ಸರ್ಕಾರ ಖರೀದಿಸುವ ಹತ್ತಿಯ ಬೇಲುಗಳಿಗೆ ಕ್ಯೂಆರ್ ಚೀಟಿ ಬಂದಿದೆ. ಮೊಬೈಲು ಹಿಡಿದರೆ ಬೇಲಿನ ಜಾತಕ ಬಿಚ್ಚುತ್ತದೆ. 1925ರ ಕಾನೂನು ಕೇಳಿದ ಪ್ರಶ್ನೆಗೇ ಇದೂ ಉತ್ತರ.

ಆದರೆ ಅಕ್ಕನ ಮಗನ ಯಂತ್ರದಿಂದ ಹೊರಬಂದ ಲೇಬಲ್ಲನ್ನು ಕೈಯಲ್ಲಿ ಹಿಡಿದು ನೋಡಿದೆ. ಇಂಗ್ಲಿಷ್ ಅಕ್ಷರ, ಕಪ್ಪು ಗೆರೆ, ಸಂಖ್ಯೆ. “ಕನ್ನಡ ಹಾಕಾಕ ಬರೂದಿಲ್ಲೇನೊ?” ಎಂದೆ. “ಬರ್ತದ ಮಾವಾ. ಯಂತ್ರದಾಗಿನ ಅಚ್ಚಿನಾಗ ಕನ್ನಡ ಇಲ್ಲ, ಕಂಪ್ಯೂಟರಿನಾಗ ಚಿತ್ರ ಮಾಡಿ ಕಳಿಸ್ಬೇಕು, ಅಷ್ಟ. ಯಾರೂ ಕೇಳೂದಿಲ್ಲ” ಎಂದ. ಆಗಲೇ ‘ಯಾದಗಿರಿ’ ಎಂದು ಬರೆದು ಒತ್ತಿಸಿದೆ. ಅರೆನಿಮಿಷ ಹಿಡಿಯಲಿಲ್ಲ. ರಕಾರದ ಬಳೆಗೆ ಕಟ್ಟು ಬೇಕಿರಲಿಲ್ಲ, ಗುಡಿಸು ಮುರಿಯುವ ಭಯ ಇರಲಿಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ಕನ್ನಡಕ್ಕೆ ನೂರಾರು ಮನೆಗಳ ಕೇಸು ಬೇಕಾಗಿತ್ತು. ಒಂದು ಒತ್ತಕ್ಷರ ಮುರಿದರೆ ಹೊಸ ಮೊಳೆ ಬರುವ ತನಕ ಕೆಲಸ ನಿಲ್ಲುತ್ತಿತ್ತು. ಆ ಕಷ್ಟವೆಲ್ಲ ತೀರಿದ ಕಾಲದಲ್ಲಿ ಲೇಬಲ್ಲಿನಿಂದ ಕನ್ನಡ ಹೊರಗುಳಿದಿದೆ. ಇದು ನನಗೆ ನೋವಿನ ಸಂಗತಿ.

ಇದರ ಬೆಲೆ ತೆತ್ತವರನ್ನು ಮನೆಯಲ್ಲೇ ಕಂಡಿದ್ದೇನೆ. ದನಗಳ ಕಿವಿಗೆ ಹಳದಿ ಬಿಲ್ಲೆ ಹಾಕುವುದು ಗೊತ್ತೇ ಇದೆ. ಹನ್ನೆರಡು ಅಂಕಿ, ಬಾರ್‌ಕೋಡ್. 2019ರ ಸೆಪ್ಟೆಂಬರಿನಲ್ಲಿ ಕಾಲುಬಾಯಿ ರೋಗದ ಲಸಿಕೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ನಮ್ಮ ಹಳ್ಳಿಗಳಲ್ಲೂ ಎಲ್ಲೆಡೆ ಬಂತು. ಬಿಲ್ಲೆಯಿಂದ ಉಪಕಾರ ಬಹಳ ಇದೆ. ಯಾವ ದನಕ್ಕೆ ಸೂಜಿ ಬಿದ್ದಿದೆ ಎಂದು ತಿಳಿಯುತ್ತದೆ. ಸುರಪುರದ ಮಾವನ ಮಗ ಎಮ್ಮೆಗೆ ವಿಮೆ ಮಾಡಿಸಿದ್ದ. ಎಮ್ಮೆ ಸತ್ತಿತು. ಬಿಲ್ಲೆ ಜಾಲಿ ಮುಳ್ಳಿಗೆ ಸಿಕ್ಕು ಯಾವಾಗಲೋ ಹರಿದು ಹೋಗಿತ್ತು. ಬಿಲ್ಲೆ ಇಲ್ಲದಿದ್ದರೆ ಹಣ ಇಲ್ಲ ಎಂಬುದು ದನದ ವಿಮೆಯ ನಿಯಮ. ಸಂಖ್ಯೆ ಬರೆದುಕೊಂಡಿದ್ದೀಯಾ ಎಂದು ಕೇಳಿದರೆ ಅವನ ಹತ್ತಿರ ಏನಿದೆ? ಇಂಗ್ಲಿಷ್ ಕಾಗದ ಕೊಟ್ಟಿದ್ದರು, ಏನೆಂದು ತಿಳಿಯದೆ ಮಳೆಯಲ್ಲಿ ಹೋಯಿತು. ಬಿಲ್ಲೆ ಬಿದ್ದರೆ ಕೂಡಲೇ ಹೇಳಿ ಹೊಸದು ಹಾಕಿಸಬೇಕು ಎಂದು ಆ ಕಾಗದದಲ್ಲೇ ಇತ್ತಂತೆ. ಅವನ ಅಪ್ಪ ಕತ್ತಲಲ್ಲಿ ಬೆರಳಿನಿಂದ ಕಿವಿ ಓದಿದವನು. ಮಗ ಹಗಲಲ್ಲಿ ತನ್ನದೇ ಎಮ್ಮೆಯ ಗುರುತು ಓದಲಾರದೆ ನಿಂತ, ನಮ್ಮ ಅಜ್ಜ ಬಿದಿರಿನ ಕೊಳವೆ ಹಿಡಿದು ನಿಂತ ಹಾಗೆ.

ಚಿಪ್ಪಿನೊಳಗಿನ ಸಂಖ್ಯೆ ಯಂತ್ರಕ್ಕಾಗಿ. ಅದು ಹೇಗಿದ್ದರೂ ನನಗೆ ತಕರಾರಿಲ್ಲ. ಮೇಲಿನ ಕಾಗದ ಮನುಷ್ಯನಿಗಾಗಿ ಇದೆ. ಮುದ್ರಣದ ಕೆಲಸ ಮಾಡುವ ಹುಡುಗರಿಗೆ, ಟೆಂಡರ್ ಬರೆಯುವ ಅಧಿಕಾರಿಗಳಿಗೆ, ಜಿನ್ನು ನಡೆಸುವ ಸಾಹುಕಾರರಿಗೆ ನನ್ನ ಕೋರಿಕೆ ಒಂದೇ. ಬೇಲಿನ ಚೀಟಿಯಿರಲಿ, ದನದ ಬಿಲ್ಲೆಯ ಜೊತೆಗೆ ಕೊಡುವ ಕಾಗದವಿರಲಿ, ಬಿತ್ತನೆ ಬೀಜದ ಚೀಲದ ಮೇಲಿನ ಲೇಬಲ್ಲಿರಲಿ, ಇದು ಏನು, ಯಾವ ಊರಿನದು, ಕಳೆದರೆ ಯಾರನ್ನು ಕೇಳಬೇಕು ಎಂಬ ಮೂರು ಮಾತನ್ನು ಕನ್ನಡದಲ್ಲಿ ಒತ್ತಿರಿ. ಚಿಪ್ಪಿನ ಉಬ್ಬು ತಪ್ಪಿಸಿ ಅಕ್ಷರ ಕೂರಿಸಿದ ಮೇಲೂ ಆ ಲೇಬಲ್ಲಿನಲ್ಲಿ ಅರ್ಧ ಇಂಚು ಖಾಲಿ ಉಳಿಯುತ್ತದೆ. ನಾನು ಅಳೆದು ನೋಡಿದ್ದೇನೆ.